ಕೇಬಲ್ ತೆಗೆಸುವ ಮುನ್ನ: ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳಿಗೆ ಲೈವ್ ಟಿವಿ ಲೆಕ್ಕಾಚಾರ

ಡೊಂಬಿವಲಿಯಿಂದ ವಾಸ್ಕೋವರೆಗೆ ನಮ್ಮವರ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಹೊಸ ಸ್ಮಾರ್ಟ್ ಟಿವಿ ಬರುತ್ತದೆ, ಮಗ ಎರಡು ಆ್ಯಪ್ ಹಾಕಿಕೊಡುತ್ತಾನೆ, ಅದೇ ವಾರ ಕೇಬಲ್‌ನವನಿಗೆ ‘ಬೇಡ’ ಎಂದು ಹೇಳಿಯಾಗುತ್ತದೆ. ಆಮೇಲೆ ಉದಯ ಟಿವಿ ಎಲ್ಲಿದೆ ಎಂದು ಹುಡುಕಾಟ. ಮೂರನೇ ಆ್ಯಪ್‌ಗೆ ದುಡ್ಡು ಕಟ್ಟಿದ ಮೇಲೆ ಕೂಡಿಸಿ ನೋಡಿದರೆ ಖರ್ಚು ಕೇಬಲ್‌ಗಿಂತ ಹೆಚ್ಚಾಗಿರುತ್ತದೆ. ಕೆಳಗಿನ ಕ್ರಮದಲ್ಲಿ ಹೋದರೆ ಈ ಗೋಜು ತಪ್ಪುತ್ತದೆ.

1. ನೋಡುವ ಚಾನೆಲ್‌ಗಳನ್ನು ಬರೆಯಿರಿ

ಪ್ಯಾಕ್‌ನಲ್ಲಿ ಇರುವುದನ್ನಲ್ಲ, ಮನೆಯವರು ನಿಜವಾಗಿ ನೋಡುವುದನ್ನು. ಒಂದು ವಾರ ಟಿವಿ ಪಕ್ಕ ಹಾಳೆ ಇಟ್ಟರೆ ಸಾಕು, ಪಟ್ಟಿ ಹತ್ತು ಹನ್ನೆರಡು ದಾಟುವುದು ಅಪರೂಪ.

2. ಯಾವ ಚಾನೆಲ್ ಯಾವ ಆ್ಯಪ್‌ನಲ್ಲಿ? ಎಲ್ಲರೂ ಎಡವುವುದು ಇಲ್ಲೇ

ಕನ್ನಡದ ಎಲ್ಲ ಮನರಂಜನಾ ಚಾನೆಲ್‌ಗಳು ಒಂದೇ ಕಂಪನಿಯ ಆ್ಯಪ್‌ನಲ್ಲಿ ಸಿಗುವುದಿಲ್ಲ. ಜೀ ಕನ್ನಡ, ಜೀ ಪಿಚ್ಚರ್ ಬೇಕಾದರೆ ಜೀ5. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಮೊದಲು ಬೇರೆ ಬೇರೆ ಆ್ಯಪ್‌ಗಳಲ್ಲಿದ್ದವು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಎರಡೂ ಅಲ್ಲಿವೆ. ಉದಯ ಟಿವಿ, ಉದಯ ಮೂವೀಸ್, ಮಕ್ಕಳ ಚಿಂಟು ಟಿವಿ ಸನ್ ಬಳಗದವು, ಅವಕ್ಕೆ ಸನ್ ನೆಕ್ಸ್ಟ್. ಪ್ರಸಾರ ಭಾರತಿಯ ‘ವೇವ್ಸ್’ ಆ್ಯಪ್ 2024ರ ನವೆಂಬರ್‌ನಲ್ಲಿ ಗೋವಾದ ಚಿತ್ರೋತ್ಸವದಲ್ಲೇ ಬಿಡುಗಡೆಯಾಯಿತು, ದೂರದರ್ಶನದ ಚಾನೆಲ್‌ಗಳನ್ನು ಅದರಲ್ಲಿ ನೋಡಬಹುದು. ಟಿವಿ9 ಕನ್ನಡ, ಪಬ್ಲಿಕ್ ಟಿವಿಯಂತಹ ಸುದ್ದಿ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ನೇರವಾಗಿ, ಪುಕ್ಕಟೆಯಾಗಿ ಬರುತ್ತವೆ. ಬರೀ ಸುದ್ದಿಗಾಗಿ ಯಾವ ಆ್ಯಪ್‌ಗೂ ದುಡ್ಡು ಕಟ್ಟಬೇಡಿ.

ಈಗ ಪಟ್ಟಿಯ ಪ್ರತಿ ಚಾನೆಲ್ ಎದುರು ಆ್ಯಪ್ ಹೆಸರು ಬರೆದು, ದುಡ್ಡು ಕಟ್ಟುವ ಮೊದಲು ನಾಲ್ಕು ಸಂಗತಿ ನೋಡಿ.

ಮೊದಲನೆಯದು, ಚಾನೆಲ್ ನೇರವಾಗಿ ಓಡುತ್ತದೆಯೇ ಅಥವಾ ಧಾರಾವಾಹಿಯ ಕಂತುಗಳು ಮಾತ್ರ ಇವೆಯೇ. ರಾತ್ರಿ ಎಂಟಕ್ಕೆ ಟಿವಿ ಹಾಕಿ ಹತ್ತರವರೆಗೆ ಒಂದೇ ಚಾನೆಲ್ ನೋಡುವವರಿಗೆ ಕಂತುಗಳ ಪಟ್ಟಿಯಿಂದ ಪ್ರಯೋಜನವಿಲ್ಲ. ಅರ್ಧ ಗಂಟೆಗೊಮ್ಮೆ ಹುಡುಕಿ ಒತ್ತುತ್ತಾ ಕೂರಬೇಕಾಗುತ್ತದೆ.

ಎರಡನೆಯದು, ಪ್ಲಾನ್ ಟಿವಿಯಲ್ಲಿ ನಡೆಯುತ್ತದೆಯೇ. ಅತಿ ಅಗ್ಗದ ಪ್ಲಾನ್ ಸಾಮಾನ್ಯವಾಗಿ ಮೊಬೈಲ್‌ಗೆ ಮಾತ್ರ. ಜಿಯೋಹಾಟ್‌ಸ್ಟಾರ್ ಶುರುವಾದಾಗ 3 ತಿಂಗಳಿಗೆ 149 ರೂಪಾಯಿಯದ್ದು ಒಂದು ಮೊಬೈಲ್‌ಗಷ್ಟೇ ಇತ್ತು. ಟಿವಿಯಲ್ಲಿ ನೋಡಲು 299 ರೂಪಾಯಿಯ ಸೂಪರ್ ಪ್ಲಾನ್ ಬೇಕಿತ್ತು. ಇಂದಿನ ದರ ಆ್ಯಪ್‌ನಲ್ಲೇ ನೋಡಿಕೊಳ್ಳಿ, ದರದ ಕೆಳಗೆ ಸಣ್ಣಕ್ಷರದಲ್ಲಿರುವ ‘ಮೊಬೈಲ್’, ‘ಟಿವಿ’ ಪದಗಳನ್ನು ತಪ್ಪದೆ ಓದಿ. ಅಗ್ಗವೆಂದು ಮೊಬೈಲ್ ಪ್ಲಾನ್ ಕೊಂಡು ಟಿವಿಯಲ್ಲಿ ಬರುತ್ತಿಲ್ಲ ಎಂದು ಗೋಳಾಡುವವರೇ ಹೆಚ್ಚು.

ಮೂರನೆಯದು, ಏಕಕಾಲಕ್ಕೆ ಎಷ್ಟು ಕಡೆ ನೋಡಬಹುದು. ಎರಡು ಸಾಧನಗಳ ಪ್ಲಾನ್‌ನಲ್ಲಿ ಮಗಳು ಪುಣೆಯ ಹಾಸ್ಟೆಲ್‌ನಲ್ಲಿ, ಅಪ್ಪ ಲೋಕಲ್ ಟ್ರೇನ್‌ನಲ್ಲಿ ಆ್ಯಪ್ ತೆರೆದರೆ ಮನೆಯ ಟಿವಿ ನಿಲ್ಲುತ್ತದೆ. ಮನೆಯಲ್ಲಿರುವ ಅಜ್ಜಿಗೆ ಏನಾಯಿತೆಂದೇ ತಿಳಿಯುವುದಿಲ್ಲ.

ನಾಲ್ಕನೆಯದು, ಒಟಿಪಿ ಯಾರ ಫೋನಿಗೆ ಬರುತ್ತದೆ. ಆ್ಯಪ್ ತಾನಾಗಿಯೇ ಲಾಗೌಟ್ ಆಗುವುದುಂಟು. ಹಗಲು ಮನೆಯಲ್ಲಿ ಇರುವವರ ನಂಬರಿನಲ್ಲೇ ಖಾತೆ ತೆರೆಯಿರಿ. ಮಗ ಅಂಧೇರಿಯ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದಾಗ ಒಟಿಪಿ ಅವನಿಗೆ ಹೋದರೆ ಮಧ್ಯಾಹ್ನವಿಡೀ ಟಿವಿ ಇಲ್ಲ.

ಪಟ್ಟಿಗೆ ಮೂರು ಆ್ಯಪ್ ಬೇಕಾಗುತ್ತಿದ್ದರೆ ನನ್ನ ಸಲಹೆ ಸ್ಪಷ್ಟ: ಬೇರೆ ಬೇರೆ ಆ್ಯಪ್‌ಗಳ ದಾರಿ ಬೇಡ. ಕೇಬಲ್ ಅಥವಾ ಡಿಶ್ ಇಟ್ಟುಕೊಂಡು ಪ್ಯಾಕ್ ಕತ್ತರಿಸಿ, ಇಲ್ಲವೇ ಬ್ರಾಡ್‌ಬ್ಯಾಂಡ್ ಜೊತೆಗೇ ಬರುವ ಲೈವ್ ಟಿವಿ ನೋಡಿ. ಒಂದೇ ಆ್ಯಪ್‌ನಲ್ಲಿ ಮುಗಿಯುತ್ತಿದ್ದರೆ ಮಾತ್ರ ಕೇಬಲ್ ತೆಗೆಸುವುದರಲ್ಲಿ ಅರ್ಥವಿದೆ.

3. ಕೇಬಲ್ ಬಿಲ್ಲನ್ನು ಬಿಡಿಸಿ ನೋಡಿ

ಕೇಬಲ್‌ನವರು ಹೇಳುವ ಒಟ್ಟು ಮೊತ್ತದೊಳಗೆ ಎರಡು ಭಾಗಗಳಿವೆ. ಒಂದು ಸಂಪರ್ಕ ಶುಲ್ಕ, ಅಂದರೆ ಎನ್‌ಸಿಎಫ್. ಟಿವಿ, ಫೋನ್ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್‌ನ 2020ರ ನಿಯಮದಂತೆ 200 ಚಾನೆಲ್‌ಗಳವರೆಗೆ ಇದು 130 ರೂಪಾಯಿ ಮೀರುವಂತಿರಲಿಲ್ಲ. 18% ಜಿಎಸ್‌ಟಿ ಸೇರಿ 153.40. 2024ರ ಜುಲೈನಲ್ಲಿ ಟ್ರಾಯ್ ಈ ಮಿತಿ ತೆಗೆದು ದರವನ್ನು ಕಂಪನಿಗಳಿಗೇ ಬಿಟ್ಟಿತು, ಆದ್ದರಿಂದ ‘ನಿಮ್ಮ ಎನ್‌ಸಿಎಫ್ ಎಷ್ಟು’ ಎಂದು ಕೇಳಿಯೇ ತಿಳಿಯಬೇಕು. ಇನ್ನೊಂದು ಭಾಗ ದುಡ್ಡು ಕೊಟ್ಟು ನೋಡುವ ಪೇ ಚಾನೆಲ್‌ಗಳ ಬೆಲೆ. ಬೊಕೆಯಲ್ಲಿ, ಅಂದರೆ ಹಲವು ಚಾನೆಲ್‌ಗಳ ಕಟ್ಟಿನಲ್ಲಿ, ಸೇರಿಸುವ ಚಾನೆಲ್‌ನ ಬಿಡಿ ಬೆಲೆ 19 ರೂಪಾಯಿ ದಾಟಬಾರದೆಂದು 2022ರ ನವೆಂಬರ್‌ನ ತಿದ್ದುಪಡಿ ಹೇಳುತ್ತದೆ.

ಗರಿಷ್ಠವೆಂದೇ ಹಿಡಿಯೋಣ. ನಾಲ್ಕು ಕನ್ನಡ ಚಾನೆಲ್‌ಗೆ ತಲಾ 19, ಒಟ್ಟು 76. ತೆರಿಗೆ ಸೇರಿ 89.68. ಹಳೆಯ ಎನ್‌ಸಿಎಫ್ ಕೂಡಿಸಿದರೆ ತಿಂಗಳಿಗೆ 243 ರೂಪಾಯಿ, ವರ್ಷಕ್ಕೆ 2,917. ಇದಕ್ಕಿಂತ ತುಂಬಾ ಹೆಚ್ಚು ಕಟ್ಟುತ್ತಿದ್ದೀರಾದರೆ ನೀವು ನೋಡದ ಮರಾಠಿ, ಹಿಂದಿ, ಗುಜರಾತಿ ಚಾನೆಲ್‌ಗಳ ಸಿದ್ಧ ಪ್ಯಾಕ್‌ಗೆ ದುಡ್ಡು ಹೋಗುತ್ತಿದೆ ಎಂದು ತಿಳಿಯಿರಿ. ಮುಂಬಯಿ ಕೇಬಲ್‌ನವರು ಮೊದಲು ತೋರಿಸುವುದು ಇಲ್ಲಿನ ಬಹುಸಂಖ್ಯಾತರ ಪ್ಯಾಕ್, ಕನ್ನಡ ಅದರ ಮೇಲೆ ಹೆಚ್ಚುವರಿಯಾಗಿ ಕೂರುತ್ತದೆ.

‘ಬಿಡಿ ಚಾನೆಲ್ ಕೊಡಲಾಗದು, ಪ್ಯಾಕೇ ತೆಗೆದುಕೊಳ್ಳಿ’ ಎಂದರೆ ಒಪ್ಪಬೇಡಿ. ತಮ್ಮ ಜಾಲದಲ್ಲಿರುವ ಪ್ರತಿ ಚಾನೆಲನ್ನೂ ಬಿಡಿಯಾಗಿ ಕೊಡಲೇಬೇಕೆಂಬುದು ನಿಯಮ. ಆದರೆ ಜಾಲದಲ್ಲೇ ಇಲ್ಲದ ಚಾನೆಲನ್ನು ಕೊಡಿ ಎಂದು ಒತ್ತಾಯಿಸಲಾಗದು. ಸಣ್ಣ ಕನ್ನಡ ಚಾನೆಲ್‌ಗಳಲ್ಲಿ ಈ ತೊಂದರೆ ಇದ್ದೇ ಇದೆ. ಎಚ್‌ಡಿ ಚಾನೆಲ್‌ನ ಬೆಲೆ ಬೇರೆ. 32 ಇಂಚಿನ ಟಿವಿಗೆ ಧಾರಾವಾಹಿ ನೋಡಲು ಎಚ್‌ಡಿ ಬೇಕಾಗಿಲ್ಲ.

ಡಿಶ್‌ನ ಅನುಕೂಲ ಬೇರೆ. ಉಪಗ್ರಹದಿಂದ ಬೆಂಗಳೂರಿಗೆ ಬರುವ ಸಿಗ್ನಲ್ಲೇ ಮೀರಾ ರೋಡಿಗೂ ಬರುತ್ತದೆ, ಆದ್ದರಿಂದ ಕನ್ನಡ ಚಾನೆಲ್‌ಗಳ ಆಯ್ಕೆ ಪೂರ್ತಿ ಸಿಗುತ್ತದೆ. ಆದರೆ ಡಿಶ್‌ಗೆ ಸಿಗ್ನಲ್ ಕಳಿಸುವ ಉಪಗ್ರಹಗಳು ಮುಂಬಯಿಗಿಂತ ಪೂರ್ವದ ರೇಖಾಂಶಗಳಲ್ಲಿವೆ. ಟಾಟಾ ಪ್ಲೇ ಬಳಸುವುದು 83 ಡಿಗ್ರಿ, ಡಿಶ್ ಟಿವಿ 95. ಹಾಗಾಗಿ ಆಂಟೆನಾ ಆಗ್ನೇಯದ ಕಡೆ ಮುಖ ಮಾಡಬೇಕು, ಎದುರಿಗೆ ಕಟ್ಟಡ ಇರಬಾರದು. ಉತ್ತರಕ್ಕೋ ಪಶ್ಚಿಮಕ್ಕೋ ಮಾತ್ರ ಕಿಟಕಿ ಇರುವ ಫ್ಲ್ಯಾಟ್ ಆದರೆ ಟೆರೇಸಿಗೆ ಸೊಸೈಟಿಯ ಅನುಮತಿ ಪಡೆದ ಮೇಲೆಯೇ ಡಿಶ್ ಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ ಹೊಯ್ಯುವಾಗ ಸಿಗ್ನಲ್ ಹೋಗುತ್ತದೆ. ಡಿಶ್ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿ ಹೀರಿಕೊಳ್ಳುವುದೇ ಇದಕ್ಕೆ ಕಾರಣ. ತಂತಿ ಬದಲಿಸಿದರೂ ಸರಿಹೋಗದು. ಮಳೆ ಇಳಿದ ಮೇಲೆ ತಾನಾಗಿ ಬರುತ್ತದೆ, ಅದಕ್ಕಾಗಿ ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ.

ಗೋವಾದಲ್ಲಿ ಕೆಲಸದ ಜಾಗ ಬದಲಾದಂತೆ ಮನೆ ಬದಲಿಸುವ ಕುಟುಂಬಗಳಿಗೆ ದೂರದರ್ಶನದವರ ಡಿಡಿ ಫ್ರೀ ಡಿಶ್ ಸಾಕಾಗಬಹುದು. ಆಂಟೆನಾ, ಬಾಕ್ಸ್‌ಗೆ ಒಮ್ಮೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಡಿಡಿ ಚಂದನ ಬರುತ್ತದೆ. ‘ಇದರಲ್ಲೇ ಜೀ ಕನ್ನಡ, ಉದಯ ಹಾಕಿಕೊಡುತ್ತೇನೆ’ ಎನ್ನುವ ಅಂಗಡಿಯವನನ್ನು ನಂಬಬೇಡಿ. ಪೇ ಚಾನೆಲ್‌ಗಳು ಅದರಲ್ಲಿ ಬರುವುದಿಲ್ಲ.

4. ಟಿವಿ ಇರುವ ಜಾಗದಲ್ಲಿ ನೆಟ್ ಅಳೆಯಿರಿ

ರೂಟರ್ ಪಕ್ಕ ನಿಂತು ಫೋನಿನಲ್ಲಿ 100 ಎಂಬಿಪಿಎಸ್ ವೇಗ ನೋಡಿ ಖುಷಿಪಟ್ಟರೆ ಆಗದು. ರಾತ್ರಿ ಒಂಬತ್ತಕ್ಕೆ, ಎಲ್ಲರೂ ನೆಟ್ ಬಳಸುವ ಹೊತ್ತಿನಲ್ಲಿ, ಟಿವಿಯಲ್ಲೇ ಅಳೆಯಿರಿ. ಒಂದು ಎಚ್‌ಡಿ ಪ್ರಸಾರಕ್ಕೆ ಸುಮಾರು 5 ಎಂಬಿಪಿಎಸ್ ಬೇಕು. ಏರಿಳಿತಕ್ಕೂ ಮನೆಯವರ ಫೋನ್‌ಗಳಿಗೂ ಸೇರಿ ಟಿವಿ ಹತ್ತಿರ 25 ಸಿಕ್ಕರೆ ನೆಮ್ಮದಿ. ಒತ್ತೊತ್ತಾಗಿ ಮನೆಗಳಿರುವ ಕಟ್ಟಡದಲ್ಲಿ 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಪಕ್ಕದವರ ರೂಟರ್‌ಗಳೆಲ್ಲ ಅಡ್ಡ ಬರುತ್ತವೆ. 5 ಗಿಗಾಹರ್ಟ್ಸ್‌ಗೆ ಬದಲಿಸಿ. ನಡುವೆ ಎರಡು ಕಾಂಕ್ರೀಟ್ ಗೋಡೆ ಇದ್ದರೆ ಅದೂ ಸೋಲುತ್ತದೆ. ಆಗ ರೂಟರ್‌ನಿಂದ ಟಿವಿಗೆ ಲ್ಯಾನ್ ಕೇಬಲ್ ಎಳೆಯುವುದೇ ಸರಿ. ವೈಫೈ ಎಕ್ಸ್‌ಟೆಂಡರ್‌ಗಿಂತ ಅಗ್ಗ, ಹೆಚ್ಚು ಭರವಸೆಯದ್ದು.

5 ಎಂಬಿಪಿಎಸ್ ಪ್ರಸಾರ ಗಂಟೆಗೆ 2.25 ಜಿಬಿ ತಿನ್ನುತ್ತದೆ. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 337 ಜಿಬಿ ದಾಟುತ್ತದೆ. ಫೈಬರ್ ಸಂಪರ್ಕಕ್ಕೆ ಇದು ದೊಡ್ಡದಲ್ಲ, ಆದರೆ ದಿನಕ್ಕೆ 1.5 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ 40 ನಿಮಿಷದಲ್ಲಿ ಖಾಲಿ. ಹಾಟ್‌ಸ್ಪಾಟ್ ನೆಚ್ಚಿಕೊಂಡು ಕೇಬಲ್ ತೆಗೆಸಲೇಬೇಡಿ.

ಸಾದಾ ಟಿವಿಗೆ ಆ್ಯಪ್ ಓಡಿಸುವ ಸ್ಟಿಕ್ ಹಾಕುವವರು ಹೆಸರುಳ್ಳ ಕಂಪನಿಯದ್ದನ್ನೇ ಕೊಳ್ಳಿ. ‘ಜೀವನಪೂರ್ತಿ ಎಲ್ಲ ಚಾನೆಲ್ ಫ್ರೀ’ ಎಂದು ಮಾರುವ ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳಲ್ಲಿ ಓಡುವುದು ಕದ್ದ ಪ್ರಸಾರ, ಯಾವ ದಿನ ಬೇಕಾದರೂ ನಿಲ್ಲುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಎಚ್‌ಡಿ ತೋರಿಸಲು ಆ್ಯಪ್‌ಗಳು ಕೇಳುವ ವೈಡ್‌ವೈನ್ ಎಲ್1 ಪರವಾನಗಿಯೂ ಇರುವುದಿಲ್ಲ, ಹಾಗಾಗಿ ನೀವು ದುಡ್ಡು ಕೊಟ್ಟ ಅಸಲಿ ಆ್ಯಪ್ ಕೂಡ ಎಚ್‌ಡಿ ತೋರಿಸದೆ ಮಸುಕಾಗಿ ಓಡುತ್ತದೆ.

ಬ್ರಾಡ್‌ಬ್ಯಾಂಡ್ ಕಂಪನಿಗಳೇ ಕೊಡುವ ಲೈವ್ ಟಿವಿ ಇವೆಲ್ಲದರ ನಡುವಿನ ದಾರಿ. ಜಿಯೋದವರದ್ದು ಜಿಯೋಟಿವಿ ಪ್ಲಸ್. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ ನೆಟ್ ಮೂಲಕ ಚಾನೆಲ್ ಕೊಡುವ ಐಪಿಟಿವಿ ಶುರುಮಾಡಿದಾಗ ನೆಟ್ ಸೇರಿದ ಪ್ಲಾನ್ 699 ರೂಪಾಯಿಯಿಂದ ಇತ್ತು, ಜಿಎಸ್‌ಟಿ ಸೇರಿ 824.82. ನೆಟ್‌ಗೆ ಹೇಗೂ ದುಡ್ಡು ಕಟ್ಟುವ ಮನೆಗೆ ಇದು ಎಲ್ಲಕ್ಕಿಂತ ಲಾಭದ್ದು. ಚಾನೆಲ್ ನಂಬರ್ ಒತ್ತಿ ನೋಡುವ ರಿಮೋಟ್ ಸಿಗುತ್ತದೆಯೇ, ಪಟ್ಟಿಯಲ್ಲಿರುವ ಕನ್ನಡ ಚಾನೆಲ್‌ಗಳೆಲ್ಲ ಅದೇ ಪ್ಲಾನ್‌ನಲ್ಲಿವೆಯೇ ಎಂದು ಮಾತ್ರ ಖಾತ್ರಿಪಡಿಸಿಕೊಳ್ಳಿ. ಜಾಹೀರಾತಿನ ‘350 ಚಾನೆಲ್’ ನೋಡಿ ಮರುಳಾಗಬೇಡಿ.

5. ಹಳೆಯದು, ಹೊಸದು ಎರಡನ್ನೂ ಒಟ್ಟಿಗೆ ನಡೆಸಿ

ಕನಿಷ್ಠ ಎರಡು ವಾರ, ಕೇಬಲ್ ಇರುವಾಗಲೇ. ವಾರ್ಷಿಕ ಪ್ಲಾನ್ ಅಗ್ಗವೆಂದು ಮೊದಲೇ ಕೊಳ್ಳಬೇಡಿ, ಇರುವುದರಲ್ಲಿ ಅತಿ ಕಡಿಮೆ ಅವಧಿಯದ್ದೇ ಸಾಕು. ರಿಮೋಟ್ ಹಿರಿಯರ ಕೈಯಲ್ಲೇ ಇರಲಿ, ನೀವು ಸಹಾಯ ಮಾಡಬೇಡಿ. ಟಿವಿ ಹಾಕಿ ಬೇಕಾದ ಚಾನೆಲ್ ಬರುವವರೆಗೆ ಎಷ್ಟು ಗುಂಡಿ ಒತ್ತಬೇಕಾಯಿತೆಂದು ಗಮನಿಸಿ. ಎಪ್ಪತ್ತು ದಾಟಿದವರು ದಿನವೂ ಯಾರನ್ನಾದರೂ ಕರೆಯಬೇಕಾಗಿ ಬಂದರೆ ಉಳಿತಾಯ ಎಷ್ಟೇ ಇರಲಿ, ಕೇಬಲ್ ಉಳಿಸಿಕೊಳ್ಳಿ. ಅವರ ಸ್ವಾತಂತ್ರ್ಯಕ್ಕೆ ತಿಂಗಳಿಗೆ ಇನ್ನೂರೈವತ್ತು ರೂಪಾಯಿ ದುಬಾರಿಯಲ್ಲ.

ಕ್ರಿಕೆಟ್ ನೋಡುವ ಮನೆಯಾದರೆ ಒಂದು ಪಂದ್ಯವನ್ನು ಎರಡರಲ್ಲೂ ಹೋಲಿಸಿ. ಆ್ಯಪ್‌ನ ಚಿತ್ರ ಕೇಬಲ್‌ಗಿಂತ ತಡವಾಗಿ ಬರುತ್ತದೆ, ಕೆಲವೊಮ್ಮೆ ಅರ್ಧ ನಿಮಿಷದಷ್ಟು. ಪಕ್ಕದ ಮನೆಯಲ್ಲಿ ಕೇಕೆ ಎದ್ದ ಮೇಲೆ ನಿಮ್ಮಲ್ಲಿ ಚೆಂಡು ಬೀಳುತ್ತದೆ. ಕರೆಂಟ್ ಹೋಗಿ ಬಂದಾಗ ರೂಟರ್ ಮತ್ತೆ ಏಳಲು ಕೆಲವು ನಿಮಿಷ ಬೇಕೆಂಬುದನ್ನೂ ನೆನಪಿಡಿ. ಗೋವಾದ ಮಳೆಗಾಲಕ್ಕೆ ರೂಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಹಾಕಿಸಿ.

6. ತೆಗೆಸುವುದಾದರೆ

ಕೇಬಲ್ ಬಾಕ್ಸ್ ಬಾಡಿಗೆಯದ್ದೋ ಕೊಂಡದ್ದೋ ಹಳೆಯ ರಸೀದಿಯಲ್ಲಿ ನೋಡಿ. ಬಾಡಿಗೆಯದ್ದಾದರೆ ಅಡಾಪ್ಟರ್, ರಿಮೋಟ್ ಸಮೇತ ವಾಪಸ್ ಕೊಟ್ಟು ಕೈಬರಹದ್ದಾದರೂ ಸರಿ ರಸೀದಿ ಪಡೆಯಿರಿ, ಠೇವಣಿ ಕೇಳಿ. ಡಿಶ್ ಆದರೆ ರೀಚಾರ್ಜ್ ನಿಲ್ಲಿಸಿದರೆ ಸಾಕು, ಆಂಟೆನಾ ಬಿಚ್ಚಿಸಬೇಡಿ. ಮತ್ತೆ ಬೇಕೆನಿಸಿದರೆ ರೀಚಾರ್ಜ್ ಮಾಡಿ ಮುಂದುವರಿಸಬಹುದು.

ಆ್ಯಪ್‌ಗೆ ಯುಪಿಐ ಆಟೋಪೇ ಒಪ್ಪಿದ್ದರೆ ಯುಪಿಐ ಆ್ಯಪ್‌ನ ಆಟೋಪೇ ಪುಟಕ್ಕೆ ಹೋಗಿ ಮುಂದಿನ ಕಡಿತದ ದಿನಾಂಕ ಬರೆದಿಟ್ಟುಕೊಳ್ಳಿ. ದುಡ್ಡು ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ, ಆದರೆ ಹತ್ತಾರು ಸಂದೇಶಗಳ ನಡುವೆ ಅದು ಕಣ್ತಪ್ಪುತ್ತದೆ. ಐಪಿಎಲ್‌ಗಾಗಿ ಮಾತ್ರ ಕೊಂಡ ಪ್ಲಾನ್ ಆದರೆ ಕೊಂಡ ದಿನವೇ ಆಟೋಪೇ ರದ್ದುಮಾಡಿ. ಸಾಮಾನ್ಯವಾಗಿ ಕಟ್ಟಿದ ಅವಧಿ ಮುಗಿಯುವವರೆಗೆ ಪ್ಲಾನ್ ನಡೆಯುತ್ತದೆ.