ಅಜ್ಜಿಯ ಫೋಟೊ ರಿಪೇರಿ ಮಾಡುತ್ತಲೇ ಎಡಿಟಿಂಗ್ ಕಲಿಯಿರಿ

ಫೋಟೊ ಎಡಿಟಿಂಗ್ ಕಲಿಯಲು ಕೂತವರು ಸಾಮಾನ್ಯವಾಗಿ ಆಕಾಶದ ಬಣ್ಣ ಬದಲಿಸುವುದರಿಂದಲೋ, ಹಿನ್ನೆಲೆ ಅಳಿಸಿ ತಮ್ಮನ್ನು ತಾಜ್‌ಮಹಲಿನ ಮುಂದೆ ನಿಲ್ಲಿಸಿಕೊಳ್ಳುವುದರಿಂದಲೋ ಶುರು ಮಾಡುತ್ತಾರೆ. ನಾಲ್ಕು ದಿನ ಖುಷಿ, ಆಮೇಲೆ ಬೇಸರ. ಕಲಿಯಲು ಅದಕ್ಕಿಂತ ಒಳ್ಳೆಯ ಕೆಲಸ ನಿಮ್ಮ ಮನೆಯ ಗೋಡೆಯ ಮೇಲೇ ಇದೆ. ಮಡಿಕೆ ಬಿದ್ದು, ಹಳದಿಗೆ ತಿರುಗಿ, ಅಂಚಿಗೆ ಬೂಷ್ಟು ಹತ್ತಿದ ಒಂದು ಕಪ್ಪು-ಬಿಳುಪು ಫೋಟೊ. ಅದೊಂದನ್ನು ಸರಿಯಾಗಿ ದುರಸ್ತಿ ಮಾಡಿದರೆ ಸ್ಕ್ಯಾನ್, ಲೇಯರ್, ಲೆವೆಲ್ಸ್, ಕ್ಲೋನ್, ಹೀಲ್, ಕನ್ನಡ ಅಕ್ಷರ ಜೋಡಣೆ, ಪ್ರಿಂಟ್ ಎಲ್ಲವೂ ಕೈಗೆ ಹತ್ತುತ್ತವೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ದುರಸ್ತಿಯ ಹೆಸರಿನಲ್ಲಿ ಹಾಳಾದ ಮುಖಗಳನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಚರ್ಮ ಮೇಣದಂತೆ ನುಣುಪು, ತುಟಿಗೆ ಗುಲಾಬಿ ಬಣ್ಣ, ಕಣ್ಣು ಇನ್ಯಾರದೋ. ದೊಡ್ಡ ಫ್ರೇಮು, ಚೆಂದದ ಹಾರ, ಆದರೆ ಹೆತ್ತ ಮಗಳೇ ನೋಡಿ 'ಇದು ನಮ್ಮಮ್ಮನ ಥರ ಇಲ್ಲ' ಎನ್ನುತ್ತಾರೆ. ಹಾಗಾಗಬಾರದು.

ಸಾಫ್ಟ್‌ವೇರ್ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜಿಂಪ್ ಹಾಕಿಕೊಳ್ಳಿ. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಶುರು ಮಾಡಿದ ಈ ಮುಕ್ತ ತಂತ್ರಾಂಶದ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂತು. ಪೂರ್ತಿ ಉಚಿತ. ಡೌನ್‌ಲೋಡಿಗೆ ಯಾರಾದರೂ ಹಣ ಕೇಳಿದರೆ ನೀವು ತಪ್ಪು ಜಾಗಕ್ಕೆ ಬಂದಿದ್ದೀರಿ. ಜಿಂಪ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಹೋಗುವ 'ಕ್ರ್ಯಾಕ್' ಫೋಟೊಶಾಪ್ ಬೇಡವೇ ಬೇಡ. ಅದರ ಜೊತೆಗೆ ವೈರಸ್ಸೂ ಬರಬಹುದು. ದುಡ್ಡು ಕೊಟ್ಟು ಕೊಂಡ ಫೋಟೊಶಾಪ್ ಇದ್ದರೆ ಸರಿ, ಕೆಳಗಿನ ಹಂತಗಳು ಹೆಚ್ಚುಕಮ್ಮಿ ಅದಕ್ಕೂ ಹೊಂದುತ್ತವೆ. ಒಂದು ಮೌಸ್ ಮಾತ್ರ ಬೇಕೇ ಬೇಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಸವರಿಕೊಂಡು ಈ ಕೆಲಸ ಆಗುವುದಿಲ್ಲ.

ಹಂತ 1: ಸ್ಕ್ಯಾನ್

ಫೋಟೊವನ್ನು ಫ್ರೇಮಿನಿಂದ ಹುಷಾರಾಗಿ ಬಿಡಿಸಿ. ಕರಾವಳಿ, ಮಲೆನಾಡಿನ ಥಂಡಿಯಲ್ಲಿದ್ದ ಫೋಟೊಗಳು ಎಷ್ಟೋ ಸಲ ಗಾಜಿಗೇ ಅಂಟಿಕೊಂಡಿರುತ್ತವೆ. ಅಂಟಿದ್ದರೆ ಕೀಳಬೇಡಿ. ಎಳೆದರೆ ಚಿತ್ರದ ಪದರ ಗಾಜಿಗೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಗಾಜಿನ ಹೊರಮೈಗೆ ಹತ್ತಿದ ಗಂಧ, ಕುಂಕುಮವನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ನೀರು ತಾಗಿಸಬೇಡಿ.

ಜೆರಾಕ್ಸ್ ಅಂಗಡಿಗೆ ಹೋದರೆ ಮೂರು ಮಾತು ಹೇಳಿ: 600 ಡಿಪಿಐ (ಅಂದರೆ ಇಂಚಿಗೆ 600 ಚುಕ್ಕೆ), ಕಲರ್, ಟಿಫ್ ಅಥವಾ ಪಿಎನ್‌ಜಿ ಫೈಲ್. ಹೇಳದಿದ್ದರೆ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಿದ ಹಾಗೆಯೇ ಮಾಡಿ ಪಿಡಿಎಫ್ ಕೊಡುತ್ತಾರೆ. ಮೇಲಿನಿಂದ ಕಾಗದ ಎಳೆದುಕೊಳ್ಳುವ ಫೀಡರಿಗೆ ಹಳೆಯ ಫೋಟೊ ಹಾಕಲು ಬಿಡಬೇಡಿ, ಗಾಜಿನ ಮೇಲೇ ಇಡಬೇಕು. 600 ಯಾಕೆಂದರೆ, 3 ಇಂಚು ಅಗಲ 4 ಇಂಚು ಎತ್ತರದ ಫೋಟೊದಿಂದ ಆಗ 1800 × 2400 ಪಿಕ್ಸೆಲ್ ಸಿಗುತ್ತವೆ. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿದರೆ 6 × 8 ಇಂಚಿನ ಫೋಟೊ ಮಾಡಿಸಬಹುದು. ಸ್ಕ್ಯಾನರಿನಲ್ಲಿ 'ಆಟೊ ಕಲರ್', 'ಡಸ್ಟ್ ರಿಮೂವಲ್' ಎಂಬ ಆಯ್ಕೆಗಳಿದ್ದರೆ ಆಫ್ ಮಾಡಿಸಿ. ಧೂಳು ತೆಗೆಯುವ ಕೆಲಸ ನಿಮ್ಮದು, ಯಂತ್ರದ್ದಲ್ಲ.

ಸ್ಕ್ಯಾನರ್ ಸಿಗದಿದ್ದರೆ ಮೊಬೈಲೇ ಗತಿ. ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ಫೋಟೊಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ.

ಹಂತ 2: ಮೂಲವನ್ನು ಮುಟ್ಟಬೇಡಿ

ಜಿಂಪ್‌ನಲ್ಲಿ ಫೈಲ್ ತೆರೆದ ಕೂಡಲೇ ಲೇಯರ್ ಮೆನುವಿಗೆ ಹೋಗಿ 'ಡೂಪ್ಲಿಕೇಟ್ ಲೇಯರ್' ಒತ್ತಿ. ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು ತಿದ್ದಿದಂತೆ ಇದು. ತಪ್ಪಿದರೆ ಮೇಲಿನದನ್ನು ಎಸೆಯಬಹುದು, ಕೆಳಗಿನದು ಹಾಗೇ ಇರುತ್ತದೆ. ಆಗಾಗ ಜಿಂಪ್‌ನದೇ ಫೈಲ್ ಬಗೆಯಾದ ಎಕ್ಸ್‌ಸಿಎಫ್ ಆಗಿ ಸೇವ್ ಮಾಡುತ್ತಿರಿ, ಲೇಯರ್‌ಗಳು ಹಾಗೇ ಉಳಿಯುವುದು ಅದರಲ್ಲಿ. ಜೆಪೆಗ್ ಆಗಿ ಮತ್ತೆ ಮತ್ತೆ ಸೇವ್ ಮಾಡಿದರೆ ಪ್ರತಿ ಸಲವೂ ಚಿತ್ರ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಹಂತ 3: ಹಳದಿ ಕಲೆ, ಮಂಕು

ಕಪ್ಪು-ಬಿಳುಪು ಫೋಟೊವನ್ನು ಕಲರ್‌ನಲ್ಲೇ ಸ್ಕ್ಯಾನ್ ಮಾಡಿಸಲು ಹೇಳಿದ್ದು ಈ ಹಂತಕ್ಕಾಗಿ. ಡಿಜಿಟಲ್ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಿರುತ್ತವೆ. ಹಳದಿ ಅಥವಾ ಕಂದು ಕಲೆ ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಎದ್ದು ಕಾಣುತ್ತದೆ, ಕೆಂಪಿನಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಫೋಟೊದ ಮೇಲೇ ಬಿದ್ದ ಕುಂಕುಮದ ಕಲೆಯೂ ಅಷ್ಟೇ. ಕಲರ್ಸ್ ಮೆನುವಿನ 'ಕಾಂಪೊನೆಂಟ್ಸ್'ನಲ್ಲಿ 'ಎಕ್ಸ್‌ಟ್ರ್ಯಾಕ್ಟ್ ಕಾಂಪೊನೆಂಟ್' ತೆರೆದು ಕೆಂಪನ್ನು ಆರಿಸಿ. ಗಂಟೆಗಟ್ಟಲೆ ಉಜ್ಜಬೇಕಾಗಿದ್ದ ಕಲೆಯ ಬಹುಪಾಲು ಒಂದೇ ಕ್ಲಿಕ್ಕಿಗೆ ಹೋಗುತ್ತದೆ. ನೀಲಿ ಶಾಯಿ ಚೆಲ್ಲಿದ್ದರೆ ಮಾತ್ರ ಲೆಕ್ಕ ತಿರುಗುಮುರುಗು, ಆಗ ನೀಲಿ ಚಾನೆಲ್ ಆರಿಸಬೇಕು. ಸ್ಟುಡಿಯೊದವರು ಕೈಯಲ್ಲಿ ಬಣ್ಣ ಹಚ್ಚಿದ ಫೋಟೊ ಆಗಿದ್ದರೆ ಈ ಉಪಾಯ ಬೇಡ, ಆ ಬಣ್ಣವೂ ಹೋಗಿಬಿಡುತ್ತದೆ.

ಮಂಕು ತೆಗೆಯಲು 'ಲೆವೆಲ್ಸ್'. ಅಲ್ಲಿ ಗುಡ್ಡದಂತಹ ಒಂದು ನಕ್ಷೆ ಕಾಣುತ್ತದೆ. ಎಡಗಡೆಯ ಕಪ್ಪು ತ್ರಿಕೋನವನ್ನು ಗುಡ್ಡ ಶುರುವಾಗುವಲ್ಲಿಗೆ, ಬಲಗಡೆಯ ಬಿಳಿ ತ್ರಿಕೋನವನ್ನು ಗುಡ್ಡ ಮುಗಿಯುವಲ್ಲಿಗೆ ತನ್ನಿ. ಅಲ್ಲಿಗೆ ನಿಲ್ಲಿಸಿ. ಇನ್ನೂ ಒಳಗೆ ತಳ್ಳಿದರೆ ಅಜ್ಜನ ಪಂಚೆಯ ನೆರಿಗೆ, ಅಜ್ಜಿಯ ಸೀರೆಯ ಅಂಚು ಎಲ್ಲ ಬರೀ ಬಿಳಿಯಾಗಿ, ಮತ್ತೆ ಕರೆದರೂ ಬರುವುದಿಲ್ಲ. 'ಆಟೊ' ಬಟನ್ ಒತ್ತುವವರು ಮಾಡಿಕೊಳ್ಳುವುದು ಇದನ್ನೇ.

ಹಂತ 4: ಮಡಿಕೆ, ಗೀರು, ಮತ್ತು ಮುಖ

ಕೆಲಸ ಕೆಡುವುದು ಇಲ್ಲಿ. ಇದನ್ನು ಒಂದೇ ದಿನ ಮುಗಿಸುವ ಹಟ ಬೇಡ.

ಎರಡು ಉಪಕರಣ ಗೊತ್ತಿರಬೇಕು. ಕ್ಲೋನ್, ಕೀಬೋರ್ಡಿನಲ್ಲಿ 'ಸಿ': ಒಂದು ಜಾಗದ ಚಿತ್ರವನ್ನು ಇದ್ದದ್ದು ಇದ್ದ ಹಾಗೆಯೇ ಇನ್ನೊಂದು ಜಾಗಕ್ಕೆ ನಕಲು ಮಾಡುತ್ತದೆ. ಹೀಲ್, 'ಎಚ್': ಆ ಜಾಗದ ಮೈವಳಿಕೆಯನ್ನಷ್ಟೇ (ಟೆಕ್ಸ್‌ಚರ್) ತಂದು, ಬಣ್ಣದ ಗಾಢತೆಯನ್ನು ನೀವು ಹಚ್ಚುತ್ತಿರುವ ಕಡೆಗೆ ಹೊಂದಿಸಿಕೊಳ್ಳುತ್ತದೆ. ಎರಡಕ್ಕೂ ಕಂಟ್ರೋಲ್ ಕೀ ಹಿಡಿದು ಕ್ಲಿಕ್ ಮಾಡಿದ ಜಾಗವೇ ಆಕರ. ಹೊಸಬರೆಲ್ಲ ಹೀಲ್‌ಗೆ ಮರುಳಾಗುತ್ತಾರೆ, ಏಕೆಂದರೆ ಬಯಲಿನಂತೆ ಸಮನಾಗಿರುವ ಜಾಗದಲ್ಲಿ ಅದು ತುಂಬ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಪ್ಪು-ಬಿಳುಪು ಕೂಡುವ ಅಂಚಿಗೆ ತಂದರೆ ಪಕ್ಕದ ಕಪ್ಪನ್ನು ಎಳೆದುಕೊಂಡು ಮಸಿ ಮೆತ್ತುತ್ತದೆ. ಬೈತಲೆಯಿಂದ ಹಣೆಗೆ ಇಳಿದ ಮಡಿಕೆಯನ್ನು ಹೀಲ್‌ನಿಂದ ಒಂದೇ ಎಳೆತಕ್ಕೆ ಒರೆಸಿ ನೋಡಿ, ಕೂದಲ ಕಪ್ಪು ಹಣೆಗೆ ಹರಡುತ್ತದೆ. ಆದ್ದರಿಂದ ನನ್ನ ನಿಯಮ: ಅಂಚಿನಲ್ಲಿ ಕ್ಲೋನ್, ಬಯಲಿನಲ್ಲಿ ಹೀಲ್. ಮೊದಲು ಕೂದಲು ಮತ್ತು ಹಣೆ ಸೇರುವಲ್ಲಿ ಕ್ಲೋನ್ ಹಾಕಿ ಮಡಿಕೆಯನ್ನು ಎರಡು ತುಂಡು ಮಾಡಿ. ಆಮೇಲೆ ಹಣೆಯೊಳಗೆ ಉಳಿದ ತುಂಡಿಗೆ ಹೀಲ್.

ಆಯ್ಕೆಗಳ ಬಗ್ಗೆ ಸ್ವಲ್ಪ. 'ಅಲೈನ್‌ಮೆಂಟ್' ಎನ್ನುವುದು 'ನನ್' ಎಂದಿದ್ದರೆ ಪ್ರತಿ ಎಳೆತವೂ ಅದೇ ಜಾಗದಿಂದ ನಕಲು ಮಾಡಿ, ಗೋಡೆಯ ಮೇಲೆ ಒಂದೇ ಚುಕ್ಕೆ ಸಾಲುಸಾಲಾಗಿ ಮೂಡುತ್ತದೆ. ಅದನ್ನು 'ಅಲೈನ್ಡ್' ಮಾಡಿ. ಬ್ರಷ್ಷಿನ ಅಗಲ ಗೀರಿಗಿಂತ ಕೂದಲೆಳೆಯಷ್ಟು ಹೆಚ್ಚಿದ್ದರೆ ಸಾಕು. ಒಪಾಸಿಟಿ, ಅಂದರೆ ಬ್ರಷ್ಷಿನ ಗಾಢತೆ, 100ರಲ್ಲೇ ಇರಲಿ. 30ಕ್ಕೆ ಇಳಿಸಿ ಮೆತ್ತಗೆ ಸವರಿದರೆ ನಾಜೂಕಾಗುತ್ತದೆ ಎಂದು ಹಲವರು ನಂಬಿದ್ದಾರೆ, ಆಗುವುದೇ ಬೇರೆ. ಹಳೆಯ ಫೋಟೊದಲ್ಲಿ ಸಣ್ಣ ಮರಳಿನಂತಹ ಗ್ರೇನ್ ಇರುತ್ತದೆ. ಅರೆಪಾರದರ್ಶಕ ಬ್ರಷ್ ಒಂದರ ಮೇಲೊಂದು ಗ್ರೇನ್ ಬೆರೆಸಿ ಅದನ್ನು ಅಳಿಸಿಹಾಕುತ್ತದೆ. ಮುಖ ಮೇಣವಾಗುವುದು ಹೀಗೆ. ಬ್ಲರ್, ಡಿನಾಯ್ಸ್ ಎಂಬ ನುಣುಪು ಮಾಡುವ ಫಿಲ್ಟರ್‌ಗಳ ಕಡೆ ತಿರುಗಿಯೂ ನೋಡಬೇಡಿ.

ಕ್ರಮವೂ ಮುಖ್ಯ. ಮೊದಲು ಹಿನ್ನೆಲೆ, ಆಮೇಲೆ ಬಟ್ಟೆ, ಕೊನೆಗೆ ಮುಖ. ಸ್ಟುಡಿಯೊದ ಪರದೆಯ ಮೇಲೆ ಬರೆದ ಹೂತೋಟ, ಕಂಬ, ಮೆಟ್ಟಿಲುಗಳಲ್ಲಿ ಕೈ ಪಳಗಿಸಿಕೊಳ್ಳಿ. ಅಲ್ಲಿ ಎಡವಿದರೂ ಯಾರಿಗೂ ನೋವಾಗದು. ಸೀರೆಗೆ ಬಂದಾಗ ನೆರಿಗೆಯ ದಿಕ್ಕಿನಲ್ಲೇ ಬ್ರಷ್ ಎಳೆಯಿರಿ, ಅದೇ ನೆರಿಗೆಯ ಮೇಲಿನ ಅಥವಾ ಕೆಳಗಿನ ಭಾಗವನ್ನೇ ಆಕರ ಮಾಡಿಕೊಳ್ಳಿ. ಭುಜದ ಗೆರೆಯಂತಹ ಗಟ್ಟಿ ಅಂಚಿದ್ದರೆ 'ಫ್ರೀ ಸೆಲೆಕ್ಟ್'ನಿಂದ ಒಂದು ಬದಿಯನ್ನು ಸುತ್ತುವರಿದು ಆಯ್ದುಕೊಂಡರೆ ಕ್ಲೋನ್ ಗೆರೆ ದಾಟುವುದಿಲ್ಲ.

ಮುಖಕ್ಕೆ ಬರುವ ಮುನ್ನ ಎದ್ದು ಹೋಗಿ, ಮನೆಯಲ್ಲಿ ಆ ವ್ಯಕ್ತಿಯನ್ನು ಕಣ್ಣಾರೆ ಕಂಡವರನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಒಂದು ಹಂತವನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಪರದೆಯಲ್ಲಿ ಕಾಣುವ ಚುಕ್ಕೆಗಳಲ್ಲಿ ಯಾವುದು ಬೂಷ್ಟು, ಯಾವುದು ಗಲ್ಲದ ಹಚ್ಚೆ? ಕೆನ್ನೆಯ ಕುಳಿಗಳು ಕಾಗದ ಸವೆದದ್ದೋ, ಸಿಡುಬಿನ ಕಲೆಯೋ? ಮೂಗಿನ ಪಕ್ಕದ ಬಿಳಿ ಚುಕ್ಕೆ ಧೂಳೋ, ಮೂಗುಬೊಟ್ಟೋ? 'ಅತ್ತೆ, ಇದು ಇತ್ತಾ?' ಎಂದು ಒಂದೊಂದನ್ನೂ ತೋರಿಸಿ ಕೇಳಿ. ಇತ್ತು ಎಂದರೆ ಕೈ ಹಚ್ಚಬೇಡಿ. ಹಣೆಯ ಹಚ್ಚೆಯನ್ನು ಕಲೆಯೆಂದು ಅಳಿಸಿದ ಫೋಟೊಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಆ ಹೆಂಗಸು ನೋವು ತಿಂದು ಹಾಕಿಸಿಕೊಂಡದ್ದು, ಅಳಿಸಲು ನಾವು ಯಾರು?

ಮುಖದಲ್ಲಿ ಜೂಮ್ ಶೇ. 200ರ ಆಸುಪಾಸಿನಲ್ಲಿರಲಿ. ಇನ್ನೂ ಹಿಗ್ಗಿಸಿದರೆ ಪಿಕ್ಸೆಲ್ ಕಾಣುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಕೆನ್ನೆಗೆ ಅದೇ ಕೆನ್ನೆಯಿಂದ ಆಕರ ತೆಗೆದುಕೊಳ್ಳಿ, ಎರಡು ಮೂರು ಎಳೆತಕ್ಕೊಮ್ಮೆ ಆಕರ ಬದಲಿಸಿ. ಬೆಳಕು ಒಂದು ಪಕ್ಕದಿಂದ ಬಿದ್ದಿದ್ದರೆ ಬಲಗೆನ್ನೆಯ ಚರ್ಮ ಎಡಕ್ಕೆ ಹೊಂದುವುದಿಲ್ಲ. ಕಣ್ಣು ಹರಿದು ಹೋಗಿದ್ದರೆ ಇನ್ನೊಂದು ಕಣ್ಣನ್ನು ನಕಲು ಮಾಡಿ ತಿರುಗಿಸಿ ಅಂಟಿಸುವ ಪದ್ಧತಿ ಇದೆ. ಮಾಡಬೇಡಿ. ಕಣ್ಣಪಾಪೆಯಲ್ಲಿ ಹೊಳೆಯುವ ಬೆಳಕಿನ ಚುಕ್ಕೆ ಉಲ್ಟಾ ಬದಿಗೆ ಹೋಗಿ ನೋಟವೇ ಬದಲಾಗುತ್ತದೆ. ಅದೇ ಕಾಲದ ಇನ್ನೊಂದು ಫೋಟೊ ನೆಂಟರ ಮನೆಯಲ್ಲಿ ಸಿಗುತ್ತದೇನೋ ವಿಚಾರಿಸಿ. ಸಿಗದಿದ್ದರೆ ಆ ಹರಿದ ಗುರುತನ್ನು ತಿಳಿಯಾಗಿಸಿ, ಅಷ್ಟಕ್ಕೇ ಬಿಡಿ.

ಒಂದೇ ಟಚ್‌ನಲ್ಲಿ ಹಳೆಯ ಫೋಟೊ ಹೊಸದು ಮಾಡುವ ಮೊಬೈಲ್ ಆಪ್‌ಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅವು ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವುದಿಲ್ಲ. ತಾವು ಕಲಿತ ಅಸಂಖ್ಯ ಮುಖಗಳ ಆಧಾರದ ಮೇಲೆ ಅಲ್ಲಿ ಏನಿರಬಹುದೆಂದು ಊಹಿಸಿ ಹೊಸದನ್ನು ಬರೆಯುತ್ತವೆ. ರೆಪ್ಪೆ, ಹಲ್ಲು, ಚರ್ಮ ಎಲ್ಲ ಚೂಪಾಗಿ ಬರುತ್ತವೆ, ಆದರೆ ಅವು ನಿಮ್ಮ ಅಜ್ಜಿಯವಲ್ಲ. ಹಿನ್ನೆಲೆಯ ಗೋಡೆಗೆ ಬೇಕಾದರೆ ಬಳಸಿ. ಮುಖಕ್ಕೆ ಬೇಡ. ಬಣ್ಣ ತುಂಬುವುದಕ್ಕೂ ನನ್ನ ಉತ್ತರ ಅದೇ. ಸೀರೆ ಯಾವ ಬಣ್ಣದ್ದೆಂದು ಗೊತ್ತಿಲ್ಲದೆ ಹಸಿರು ಬಳಿದರೆ, ಮುಂದಿನ ತಲೆಮಾರು ಅದನ್ನೇ ನಿಜವೆಂದು ನಂಬುತ್ತದೆ.

ಮುಗಿಯಿತು ಅನ್ನಿಸಿದಾಗ ಇಡೀ ಚಿತ್ರವನ್ನು ಅಡ್ಡಡ್ಡ ತಿರುಗಿಸಿ, ಅಂದರೆ ಕನ್ನಡಿಯಲ್ಲಿ ಕಂಡಂತೆ ಮಾಡಿ ನೋಡಿ. ಕಣ್ಣಿಗೆ ಒಗ್ಗಿಹೋಗಿದ್ದ ತಪ್ಪುಗಳು ಆಗ ಥಟ್ಟನೆ ಕಾಣುತ್ತವೆ. ನೋಡಿದ ಮೇಲೆ ವಾಪಸ್ ತಿರುಗಿಸಲು ಮರೆಯಬೇಡಿ.

ಹಂತ 5: ಹೆಸರು ಬರೆಯುವುದು

ಕ್ರಾಪ್ ಮಾಡುವಾಗ ಕೆಳಮೂಲೆಯಲ್ಲಿ ಸ್ಟುಡಿಯೊದ ಉಬ್ಬು ಮುದ್ರೆ ಇದ್ದರೆ ಉಳಿಸಿಕೊಳ್ಳಿ. ಊರು, ಕಾಲ ಪತ್ತೆ ಹಚ್ಚಲು ಕೆಲವೊಮ್ಮೆ ಅದೊಂದೇ ಸುಳಿವು.

ಹೆಸರಿಗೆ ಚಿತ್ರದ ಮೇಲೆ ಜಾಗ ಹುಡುಕಬೇಡಿ. ಕ್ಯಾನ್ವಾಸನ್ನು ಕೆಳಗೆ ಒಂದಿಂಚು ಹಿಗ್ಗಿಸಿ ಬಿಳಿ ಪಟ್ಟಿಯಲ್ಲಿ ಬರೆಯಿರಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ; ನೋಟೊ ಸೆರಿಫ್ ಕನ್ನಡ, ಟೈರೊ ಕನ್ನಡ ಫಾಂಟ್‌ಗಳು ಎರಡೂ ಉಚಿತ, ಎರಡೂ ಗಂಭೀರವಾಗಿವೆ. ಜಿಂಪ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫೋಟೊಶಾಪ್‌ನಲ್ಲಿ 'ಲಕ್ಷ್ಮಮ್ಮ' ಎನ್ನುವುದು ಒಡೆದು ಬಿಡಿಬಿಡಿಯಾಗಿ ಬಂದರೆ ಅಕ್ಷರ ಜೋಡಣೆಯ ಆಯ್ಕೆಗಳಲ್ಲಿ 'ವರ್ಲ್ಡ್-ರೆಡಿ' ಎನ್ನುವುದನ್ನು ಆರಿಸಿ. ಎರಡು ಸಾಲಿದ್ದರೆ ನಡುವೆ ಧಾರಾಳ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ನೆರಳು, ಹೊಳಪು, ಚಿನ್ನದ ಬಣ್ಣ ಏನೂ ಬೇಡ. ಬೂದು ಬಣ್ಣದ ಅಕ್ಷರ, ನಡುವಿಗೆ, ಸಣ್ಣದಾಗಿ.

ಹಂತ 6: ಪ್ರಿಂಟ್

ಎಕ್ಸ್‌ಪೋರ್ಟ್ ಮಾಡುವಾಗ ಇಟ್ಟುಕೊಳ್ಳಲು ಒಂದು ಟಿಫ್, ಲ್ಯಾಬಿಗೆ ಒಂದು ಜೆಪೆಗ್, ಕ್ವಾಲಿಟಿ 95. ಲ್ಯಾಬಿನವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ ಅಥವಾ ಪೆನ್‌ಡ್ರೈವ್ ಕೊಡಿ. 'ಕರೆಕ್ಷನ್ ಮಾಡದೆ ಹಾಕಿ' ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಅವರು ರೂಢಿಯಂತೆ ಇನ್ನಷ್ಟು ಬೆಳ್ಳಗೆ ಮಾಡುತ್ತಾರೆ. ಮ್ಯಾಟ್ ಕಾಗದವೇ ಇರಲಿ. ಫ್ರೇಮ್ ಹಾಕಿಸುವಾಗ ಫೋಟೊ ಮತ್ತು ಗಾಜಿನ ನಡುವೆ ಮೌಂಟ್ ಬೋರ್ಡ್ (ಮಧ್ಯದಲ್ಲಿ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು) ಇಡಿಸಿ, ಇದೂ ಗಾಜಿಗೆ ಅಂಟಬಾರದು. ಮೂಲ ಫೋಟೊವನ್ನು ಕಾಗದದ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಡಿ. ಲಕೋಟೆಯ ಮೇಲೆ, ಫೋಟೊ ಒಳಗೆ ಹಾಕುವ ಮೊದಲೇ, ಎಡದಿಂದ ಬಲಕ್ಕೆ ಯಾರ್‍ಯಾರು ಕೂತಿದ್ದಾರೆಂದು ಪೆನ್ಸಿಲ್‌ನಲ್ಲಿ ಬರೆದಿಡಿ.