ಡೊಮಿನಿಕಾದ ಬಾಯ್ಲಿಂಗ್ ಲೇಕ್‌ಗೆ ನಡೆದು ಹೋಗಿದ್ದು: ನನ್ನ ಅನುಭವ

ಕೆರಿಬಿಯನ್ ಅಂದರೆ ಬಿಳಿ ಮರಳು, ತೆಂಗಿನ ಮರ, ಆರಾಮ ಕುರ್ಚಿ ಅಂತ ಅಂದುಕೊಂಡವರಿಗೆ ಡೊಮಿನಿಕಾ ಅಷ್ಟಾಗಿ ಹಿಡಿಸಲಿಕ್ಕಿಲ್ಲ. ಬೀಚುಗಳಿವೆ, ಆದರೆ ಮರಳು ಹೆಚ್ಚಿನ ಕಡೆ ಕಪ್ಪು. ದ್ವೀಪದ ತುಂಬ ಬೆಟ್ಟ, ಕಾಡು, ಹೊಳೆ. ಇಷ್ಟು ಸಣ್ಣ ಜಾಗದಲ್ಲಿ ಒಂಬತ್ತು ಜ್ವಾಲಾಮುಖಿಗಳಿವೆ. ನನಗೆ ಬೇಕಾಗಿದ್ದೂ ಅದೇ. ಅಂದ ಹಾಗೆ ಡೊಮಿನಿಕನ್ ರಿಪಬ್ಲಿಕ್ ಬೇರೆ ದೇಶ, ಟಿಕೆಟ್ ಹುಡುಕುವಾಗ ಹುಷಾರು. ಕ್ರಿಕೆಟ್ ನೋಡುವವರಿಗೆ ರಾಜಧಾನಿ ರೋಸೋ ಹೆಸರು ಗೊತ್ತಿರಬಹುದು, 2023ರ ಜುಲೈನಲ್ಲಿ ಯಶಸ್ವಿ ಜೈಸ್ವಾಲ್ ತಮ್ಮ ಮೊದಲ ಟೆಸ್ಟ್‌ನಲ್ಲೇ 171 ಹೊಡೆದಿದ್ದು ಅಲ್ಲಿಯ ವಿಂಡ್ಸರ್ ಪಾರ್ಕ್‌ನಲ್ಲಿ.

ನಾನು ಹೋಗಿದ್ದು ಮುಖ್ಯವಾಗಿ ಬಾಯ್ಲಿಂಗ್ ಲೇಕ್ ನೋಡಲು. ಮೋರ್ನ್ ಟ್ರುವಾ ಪಿಟೋನ್ ರಾಷ್ಟ್ರೀಯ ಉದ್ಯಾನದ ಒಳಗಿರುವ, ನಿಜವಾಗಿಯೂ ಕುದಿಯುವ ಕೆರೆ ಅದು. ಈ ಉದ್ಯಾನ 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕೆರೆಯವರೆಗೆ ರಸ್ತೆ ಇಲ್ಲ. ಕೇಬಲ್ ಕಾರ್ ಕೆಲಸ ನಡೆಯುತ್ತಿತ್ತು, ಆದರೆ ನನಗೆ ನಡೆದೇ ಹೋಗಬೇಕಿತ್ತು. ಹೋಗಿ ಬರಲು ಸುಮಾರು 13 ಕಿಲೋಮೀಟರ್. ಕೇಳಲು ಕಡಿಮೆ ಅನ್ನಿಸುತ್ತೆ, ಅಲ್ವಾ? ಸಾಮಾನ್ಯವಾಗಿ 6–7 ಗಂಟೆ ಹಿಡಿಯುತ್ತದೆ. ಯಾಕೆಂದರೆ ದಾರಿ ಒಂದೇ ಸಮ ಹತ್ತುವುದಿಲ್ಲ, ಹತ್ತಿ, ಇಳಿದು, ಮತ್ತೆ ಹತ್ತಿ ಹೋಗುತ್ತದೆ, ಬರುವಾಗ ಅಷ್ಟನ್ನೂ ಉಲ್ಟಾ ಮಾಡಬೇಕು. ಹಾಗಾಗಿ ಕೆರೆ ಮುಟ್ಟುವ ಹೊತ್ತಿಗೆ ಕಾಲಲ್ಲಿ ಅರ್ಧಕ್ಕಿಂತ ಜಾಸ್ತಿ ಶಕ್ತಿ ಉಳಿದಿರಬೇಕು. ಇಡೀ ದಿನದ ಲೆಕ್ಕಾಚಾರ ನಾನು ಇದರ ಮೇಲೇ ಹಾಕಿಕೊಂಡಿದ್ದೆ.

ಗೈಡ್ ಇಲ್ಲದೆ ಹೋಗಬೇಡಿ. ನಾನು ಲೌಡಾ ಹಳ್ಳಿಯ ಒಬ್ಬರನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಂಡೆ. ಬೆಳಿಗ್ಗೆ ಬೇಗ ಟಿಟೂ ಗಾರ್ಜ್ ಅನ್ನುವ ಇಕ್ಕಟ್ಟಾದ ಕಲ್ಲಿನ ಕೊರಕಲಿನ ಪಕ್ಕದಿಂದ ಹೊರಟೆವು. ಮೊದಲು ಒಳ್ಳೆ ನೆರಳಿನ ಕಾಡು. ಜೇಡಿಮಣ್ಣಿಗೆ ಮರದ ತುಂಡುಗಳನ್ನು ಅಡ್ಡ ಹಾಕಿ ಮೆಟ್ಟಿಲು ಮಾಡಿದ್ದಾರೆ. ಒದ್ದೆಯಾದ ಮರದ ಮೇಲೆ ಕಾಲಿಟ್ಟರೆ ಜಾರುತ್ತದೆ, ಅದರ ಹಿಂದಿನ ಮಣ್ಣಿನ ಮೇಲೇ ಹೆಜ್ಜೆ ಇಡಬೇಕು. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಈ ಕಾಡನ್ನು ಬೋಳು ಮಾಡಿ ಹೋಗಿತ್ತು. ಈಗ ಕೆಳಗಿನಿಂದ ಜರೀಗಿಡ, ಸಣ್ಣ ಮರಗಳು ಒತ್ತಾಗಿ ಎದ್ದಿವೆ. ಮಲೆನಾಡಿನ ಚಾರಣಿಗರಿಗೆ ಒಂದು ಸಮಾಧಾನದ ಸುದ್ದಿ: ಡೊಮಿನಿಕಾದಲ್ಲಿ ವಿಷದ ಹಾವಿಲ್ಲ, ನನಗೆ ಇಂಬಳವೂ ಹತ್ತಲಿಲ್ಲ.

ಸುಮಾರು ಒಂದು ಗಂಟೆ ನಡೆದ ಮೇಲೆ ಬ್ರೇಕ್‌ಫಾಸ್ಟ್ ರಿವರ್ ಸಿಗುತ್ತದೆ. ಬಾಟಲಿ ತುಂಬಿಸಿಕೊಳ್ಳುವುದು ಇಲ್ಲೇ, ಮುಂದಿನ ನೀರಿನಲ್ಲಿ ಗಂಧಕ. ಅಲ್ಲಿಂದ ಮೋರ್ನ್ ನಿಕೋಲ್ಸ್ ಬೆಟ್ಟದ ಏರು ಶುರು. ಮೇಲೆ ಹೋದ ಹಾಗೆ ಮರಗಳು ಕುಳ್ಳಾಗುತ್ತವೆ, ಗಾಳಿ ಜೋರಾಗುತ್ತದೆ. ಮೋಡ ಸರಿದಾಗ ದೂರದಲ್ಲಿ ಬಿಳಿ ಹಬೆ ಏಳುವುದು ಕಂಡಿತು. ಗೈಡ್ ಕೈ ತೋರಿಸಿ "ಅದೇ ನಿಮ್ಮ ಕೆರೆ" ಅಂದರು.

ಆಮೇಲಿನ ಇಳಿಜಾರೇ ಈ ದಾರಿಯ ಅತಿ ಕಷ್ಟದ ಜಾಗ. ಕೆಲವು ಕಡೆ ಕೂತು, ಕೈ ಊರಿ, ಬೇರು ಹಿಡಿದು ಇಳಿಯಬೇಕು. ಕೋಲು ಇದ್ದರೂ ಇಲ್ಲಿ ಮಡಚಿ ಬ್ಯಾಗಿಗೆ ಹಾಕಿ, ಎರಡೂ ಕೈ ಖಾಲಿ ಇರಲಿ.

ಕೆಳಗೆ ಇಳಿದರೆ ವ್ಯಾಲಿ ಆಫ್ ಡೆಸೊಲೇಶನ್. ನನ್ನ ಪ್ರಕಾರ ಈ ದಿನದ ನಿಜವಾದ ದೊಡ್ಡ ನೋಟ ಕೆರೆಯಲ್ಲ, ಈ ಕಣಿವೆ. ಹಸಿರು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. ಎಲ್ಲೆಲ್ಲೂ ಬೂದು, ಹಳದಿ, ಕಿತ್ತಳೆ ಬಣ್ಣದ ಕಲ್ಲು. ಒಂದು ತೊರೆ ಹಾಲಿನ ಹಾಗೆ ಬೆಳ್ಳಗೆ, ಅದರ ಪಕ್ಕದ್ದು ಕಪ್ಪಗೆ ಹರಿಯುತ್ತದೆ. ಕಾಲ ಬುಡದಲ್ಲೇ ಗುಳುಗುಳು ಸದ್ದು. ಕೊಳೆತ ಮೊಟ್ಟೆಯ ವಾಸನೆ. 1880ರಲ್ಲಿ ಇಲ್ಲಿ ನೆಲದಡಿಯ ಹಬೆ ಸಿಡಿದು ಬೂದಿ ಎರಚಿತ್ತು. ಗೈಡ್ ಜೊತೆ ಇರಬೇಕು ಅನ್ನೋದು ಇದಕ್ಕೇ: ಮೇಲೆ ಗಟ್ಟಿಯಾಗಿ ಕಾಣುವ ನೆಲ ಕೆಲವೆಡೆ ತೆಳು ಪದರ ಅಷ್ಟೇ, ಅದರ ಕೆಳಗೆ ಸುಡುವ ಕೆಸರು ಇರುತ್ತದೆ. ಅವರು ಕಾಲಿಟ್ಟಲ್ಲೇ ನಾನೂ ಕಾಲಿಟ್ಟೆ, ಫೋಟೋ ತೆಗೆಯಬೇಕಾದರೆ ನಿಂತೇ ತೆಗೆದೆ. ಅವರು ಮನೆಯಿಂದ ತಂದಿದ್ದ ಮೊಟ್ಟೆಗಳನ್ನು ಕುದಿಯುವ ಗುಂಡಿಯಲ್ಲಿ ಬೇಯಿಸಿದರು. ತಣ್ಣಗಿನ ಬೂದು ಮಣ್ಣು ತೆಗೆದು ಕೆನ್ನೆಗೆ ಬಳಿಯಲು ಕೊಟ್ಟರು, ಒಣಗಿದಾಗ ಚರ್ಮ ಬಿಗಿದುಕೊಂಡಿತು. ಬೆಳ್ಳಿ ಕಾಲುಂಗುರ, ಚೈನು ಇದ್ದರೆ ರೂಮಿನಲ್ಲೇ ಬಿಟ್ಟು ಬನ್ನಿ, ಈ ಹಬೆಗೆ ಕಪ್ಪಾಗುತ್ತವೆ.

ಕಣಿವೆ ದಾಟಿ ಇನ್ನೊಂದಿಷ್ಟು ಹತ್ತಿಳಿದರೆ ಕೆರೆ. ಅಗಲ ಸುಮಾರು 60 ಮೀಟರ್. ಮೇಲಿನ ಬಂಡೆ ಅಂಚಿನಲ್ಲಿ ನಿಂತು ನೋಡಬೇಕು. ಹೋದಾಗ ಬರೀ ಹಬೆ, ಏನೂ ಕಾಣಲಿಲ್ಲ. ಕಾಯಬೇಕು. ಗಾಳಿ ಬೀಸಿದಾಗ ಪರದೆ ಸರಿದು ಬೂದು ನೀಲಿ ನೀರು, ನಡುವೆ ಉಕ್ಕಿ ಉಕ್ಕಿ ಕುದಿಯುವುದು ಕಾಣಿಸಿತು. ಅಂಚಿನಲ್ಲೇ ನೀರಿನ ಬಿಸಿ 82ರಿಂದ 92 ಡಿಗ್ರಿ ಅಳೆದಿದ್ದಾರೆ, ನಡುವಿನದ್ದನ್ನು ಅಳೆಯಲು ಹತ್ತಿರ ಹೋಗುವ ಹಾಗಿಲ್ಲ. ಭೂಮಿಯೊಳಗಿನ ಹಬೆ, ಅನಿಲ ಹೊರಬರುವ ಬಿರುಕಿನ ಮೇಲೆ ಮಳೆನೀರು, ತೊರೆನೀರು ಸೇರಿ ಈ ಕೆರೆ ಆಗಿದೆ. 2004ರ ಕೊನೆಯಲ್ಲಿ ನೀರು ಇಳಿದುಹೋಗಿ, ಆಮೇಲೆ ಮತ್ತೆ ತುಂಬಿಕೊಂಡಿತಂತೆ. ಊಟ ಅಲ್ಲೇ ಮಾಡಿದೆವು. ಲಘುವಾಗಿ ತಿನ್ನಿ, ಮುಂದೆ ಮತ್ತೆ ಆ ಏರು ಇದೆ.

ವಾಪಸ್ ದಾರಿಯಲ್ಲಿ ಬೇಕಂತಲೇ ನಿಧಾನ ಮಾಡಿದೆ. ದಣಿದ ಕಾಲಿಗೆ ಒದ್ದೆ ಮೆಟ್ಟಿಲು ಒಳ್ಳೆಯದಲ್ಲ. ಕೊನೆಯಲ್ಲಿ ಟಿಟೂ ಗಾರ್ಜ್‌ನ ತಣ್ಣೀರಿಗೆ ಇಳಿದು, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಒಳಗಿನ ಜಲಪಾತದವರೆಗೆ ಈಜಬಹುದು. ಜೋರು ಮಳೆ ಬಂದಿದ್ದರೆ ಮಾತ್ರ ಇಳಿಯಬೇಡಿ, ನೀರು ಒಮ್ಮೆಲೇ ಏರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ರೋಸೋದಲ್ಲಿ 'ಐಟಲ್' ಊಟ ಕೇಳಿ, ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರ ಮಾಂಸವಿಲ್ಲದ ಅಡುಗೆ ಅದು. ತಟ್ಟೆಯಲ್ಲಿ ಡಶೀನ್ ಅಂತ ಬಂದಿದ್ದು ನಮ್ಮ ಕೆಸುವಿನ ಗಡ್ಡೆ, ಬ್ರೆಡ್‌ಫ್ರೂಟ್ ಅಂದರೆ ಜೀಗುಜ್ಜೆ. ಕೆಸುವಿನ ಎಲೆಯ ಕಲಾಲೂ ಸಾರು ತುಂಬ ರುಚಿ, ಆದರೆ ಅದಕ್ಕೆ ಏಡಿ ಹಾಕುವುದುಂಟು, ಕೇಳಿಯೇ ತಗೊಳ್ಳಿ.

ಹೋಗುವುದಾದರೆ ಫೆಬ್ರವರಿಯಿಂದ ಮೇ ಒಳಗೆ ಹೋಗಿ, ಮಳೆ ಕಡಿಮೆ. ಮಂಡಿ ನೋವಿರುವವರು, ಅಪ್ಪ ಅಮ್ಮನ ಜೊತೆ ಬಂದವರು ಬಾಯ್ಲಿಂಗ್ ಲೇಕ್ ಆಸೆ ಬಿಟ್ಟು ಟ್ರಫಾಲ್ಗರ್ ಜಲಪಾತಕ್ಕೆ ಹೋಗಬಹುದು. ಸ್ವಲ್ಪವೇ ನಡೆದರೆ ಕಟ್ಟೆಯಿಂದ ಎರಡೂ ಜಲಪಾತ ಒಟ್ಟಿಗೆ ಕಾಣುತ್ತವೆ, ಹತ್ತಿರದಲ್ಲೇ ಬಿಸಿನೀರಿನ ಹೊಂಡಗಳೂ ಇವೆ.