ಮೌಲ್ಯದ ಮಾತು ಮತ್ತು ಅಡಿಕೆ ದುಡ್ಡು: ನನ್ನ ಅನುಭವ

"ಕ್ಲೈಂಟ್ ಮೌಲ್ಯದ ವಿಷಯಕ್ಕೆ, ಅಂದರೆ ಬದುಕಲ್ಲಿ ಅವರಿಗೆ ಯಾವುದು ಮುಖ್ಯ ಅನ್ನುವುದಕ್ಕೆ, ಕೈ ಹಾಕಬೇಡಿ, ಅದು ಮಠದವರ ಕೆಲಸ" ಎಂದು ನಮ್ಮ ಕೌನ್ಸೆಲಿಂಗ್ ವೃತ್ತಿಯವರೇ ಎಷ್ಟೋ ಜನ ಹೇಳಿದ್ದರು. ಶಿವಮೊಗ್ಗದಲ್ಲಿ ಕೂತು ಅದು ಆಗುವ ಮಾತಲ್ಲ. ಇಲ್ಲಿ ಬರುವ ಸಂಕಟದಲ್ಲಿ ಅರ್ಧ ತೋಟ, ಜಾತಿ, ಮದುವೆಯದ್ದೇ. ನಾವು ಬಾಯಿ ಬಿಡದಿದ್ದರೂ ನಮ್ಮ ಮುಖ ಏನೋ ಹೇಳಿಬಿಡುತ್ತದೆ.

ಮೊದಲು ಮೌಲ್ಯದ ಕಾರ್ಡ್ ಮಾಡಿಸಿದೆ: ಒಂದೊಂದರಲ್ಲಿ ಒಂದೊಂದು ಮೌಲ್ಯ, ತಮಗೆ ಮುಖ್ಯವಾದದ್ದನ್ನು ಬಂದವರು ಎತ್ತಬೇಕು. ದುರ್ಗಿಗುಡಿಯಲ್ಲಿ ಪ್ರಿಂಟು, ಲ್ಯಾಮಿನೇಷನ್ ಸೇರಿ 4,000ದ ಹತ್ತಿರ ಹೋಯಿತು. ಎಲ್ಲರೂ 'ಕುಟುಂಬ'ದ ಕಾರ್ಡನ್ನೇ ಎತ್ತಿದರು. ಪಕ್ಕದಲ್ಲಿ ಅತ್ತೆ ಕೂತಿದ್ದಾಗ ಸೊಸೆ ಇನ್ನೇನು ಎತ್ತಬೇಕು, ಅಲ್ವಾ? ಸಿಗಂದೂರಿಗೆ ಏನು ಹರಕೆ ಹೊತ್ತಿದ್ದೀರಿ ಎಂದೂ ಕೇಳಿ ನೋಡಿದೆ. ಅದರಲ್ಲಿ ಭಯ ಕಾಣುತ್ತದೆ, ಆಸೆ ಕಾಣುವುದಿಲ್ಲ. ವಯಸ್ಸಾದವರಿಗೆ ಮಾತ್ರ ಈಗಲೂ ಕೇಳುತ್ತೇನೆ.

ಕೆಲಸಕ್ಕೆ ಬಂದದ್ದು ಇದು: "ಕಳೆದ ಸಲ ಅಡಿಕೆ ದುಡ್ಡು ಬಂದಾಗ ಮೊದಲು ಯಾವುದಕ್ಕೆ ತೆಗೆದ್ರಿ? ಯಾವುದಕ್ಕೆ ಕೊಡುವಾಗ ಹೊಟ್ಟೆ ಉರೀತು?" ಇದಾದ ಮೇಲೆ ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕಲಿಯಲು ಬಂದವರಿಗೆ ಎದುರು ಕೂರಿಸಿಕೊಂಡೇ ಹೇಳಿಕೊಡಬೇಕು.

ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ, ಗುರುತು ಬದಲಿಸಿದ್ದೇನೆ. ಬೆಂಗಳೂರು ಬಿಟ್ಟು ಬಂದಿದ್ದ, ನಿದ್ದೆ ಇರಲಿಲ್ಲ. ಫೀಸು ಅಪ್ಪನದ್ದು. "ದುಡ್ಡು ಕೊಡೋರು ನಾವು ಮೇಡಂ, ತೋಟ ನೋಡ್ಕೊಂಡಿರು ಅಂತ ಬುದ್ಧಿ ಹೇಳಿ" ಎಂದರು. ಫೀಸು ಯಾರೇ ಕೊಡಲಿ, ಏನು ಬೇಕು ಅಂತ ಹೇಳಬೇಕಾದವನು ನಿಮ್ಮ ಮಗ ಎಂದೆ. ಅಪ್ಪ ಫೀಸು ನಿಲ್ಲಿಸಿದರು. 800 ಇದ್ದದ್ದನ್ನು ಹುಡುಗನಿಗೆ 300 ಮಾಡಿದೆ. ಆ ವರ್ಷ ಹೀಗೇ ಸುಮಾರು ಮನೆಯವರು ಬರುವುದು ಬಿಟ್ಟರು, ಕ್ಲಿನಿಕ್ ಬಾಡಿಗೆಗೂ ಕಷ್ಟವಾಯಿತು.

ಅವನು ತನ್ನ ಮನಸ್ಸಿನದೆಲ್ಲ ಹೇಳಿ ಮುಗಿಸಿದ ಮೇಲೆ ನನ್ನ ಒಲವನ್ನೂ ಹೇಳಿದೆ. "ನೀವು ವಾಪಸ್ ಕೆಲಸಕ್ಕೆ ಹೋದರೆ ಒಳ್ಳೇದು ಅಂತ ನನಗನಿಸುತ್ತೆ. ನನ್ನ ಮಾತು ಆ ಕಡೆ ವಾಲಿದರೆ ಅಲ್ಲೇ ತಡೀರಿ." ಮೊದಲೇ ಹೇಳಿದರೆ ಹೇರಿದ ಹಾಗೆ. ಮುಚ್ಚಿಟ್ಟರೆ ಹಿಂಬಾಗಿಲಿನಿಂದ ಹೇರಿದ ಹಾಗೆ. ಅವನು ತಡೆದದ್ದೂ ಉಂಟು, ಕೊನೆಗೆ ತೋಟದಲ್ಲೇ ಉಳಿದದ್ದೂ ಉಂಟು. ಅವನು ಮೊದಲು ದುಡ್ಡು ತೆಗೆದದ್ದು ಕಾಳುಮೆಣಸಿನ ಬಳ್ಳಿಗೆ, ಹೊಟ್ಟೆ ಉರಿದದ್ದು ತನ್ನನ್ನು ಕೇಳದೆ ಅಪ್ಪ ಮಾಡಿದ ಸೊಸೈಟಿ ಸಾಲಕ್ಕೆ. ಅಪ್ಪ-ಮಗನ ಲೆಕ್ಕ ಬೇರೆಯಾಯಿತು. ನಿದ್ದೆಯೂ ಬಂತು.

ಬೇರೆ ಜಾತಿಯವನನ್ನು ಮದುವೆಯಾಗ್ತೀನಿ ಅಂದ ಮಗಳಿಗೆ ತಲೆ ಸರಿ ಇಲ್ಲ ಎಂದು ಕರೆತರುವವರೂ ಇದ್ದಾರೆ. ಅವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ ತೆಗೆದು ತೋರಿಸುತ್ತೇನೆ. ಸಮುದಾಯದ ನೀತಿ, ನಂಬಿಕೆಗೆ ಒಪ್ಪದಿರುವುದನ್ನೇ ಹಿಡಿದು ಯಾರನ್ನೂ ಮಾನಸಿಕ ರೋಗಿ ಅನ್ನುವಂತಿಲ್ಲ.

ತೀರ್ಥಹಳ್ಳಿ ಕಡೆಯ ಆ ಹುಡುಗನ ಅಪ್ಪ ಈಚೆಗೆ ತಮ್ಮ ನೆಂಟರೊಬ್ಬರನ್ನು ಕಳಿಸಿದ್ದಾರೆ. ಕೊಯ್ಲು ಮುಗಿದ ಮೇಲೆ ಶುರು ಮಾಡುತ್ತೇವೆ.